ಮಾವ ಬಿಚ್ಚಿದ ಬಿಳಿ ಪೆಟ್ಟಿಗೆ

ಬಟ್ಟೆ ಒಗೆಯುವ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ಹೇಗಿದ್ದೀ ತಾಯಿ? ನಿನ್ನ ಬೆನ್ನುನೋವು ಕಡಿಮೆಯಾಯಿತೆ? ಹೊಸ ಜಾಗದ ನೀರು ಒಗ್ಗಿತೆ? ನಮ್ಮ ಚಟಪಟ ಈಗಲೂ ಒಂದು ತುತ್ತಿಗೆ ಒಂದು ಪ್ರಶ್ನೆ ಕೇಳುತ್ತಾಳೋ, ಇಲ್ಲ ಹೊಸ ಶಾಲೆಯ ಗಾಳಿ ಬೀಸಿ ಸ್ವಲ್ಪ ದೊಡ್ಡವಳಾಗಿದ್ದಾಳೋ? ಅವಳ ಮುಂದಿನ ಹಲ್ಲು ಅಲುಗಾಡುತ್ತಿತ್ತಲ್ಲ, ಬಿದ್ದಿರಬೇಕು ಇಷ್ಟೊತ್ತಿಗೆ. ಬೊಚ್ಚುಬಾಯಲ್ಲಿ ಅವಳು ‘ಸ’ ಅನ್ನುವುದನ್ನು ಕೇಳಬೇಕು ಅನ್ನಿಸುತ್ತದೆ. ನೀವಿಬ್ಬರೂ ಎಲ್ಲಿದ್ದೀರಿ ಎಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಗೊತ್ತಿಲ್ಲದ ಮಾತನ್ನು ನನ್ನ ಬಾಯಿಂದ ಯಾರೂ ಬಿಡಿಸಲಾರರು. ನಿನ್ನ ಚಿಕ್ಕಮ್ಮನ ಮನೆಗೆ ಈ ಕಾಗದ ಮುಟ್ಟಿದರೆ ಅವರು ನಿನ್ನ ಕೈಗೆ ಸೇರಿಸುತ್ತಾರೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದೇನೆ, ತೊಡೆಯ ಮೇಲೆ ಚಟಪಟಳ ಹಳೆಯ ಸ್ಲೇಟು, ಅದರ ಮೇಲೆ ಕಾಗದ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮನೆಯಲ್ಲಿ ಕ್ಯಾಮೆರಾ ಇಲ್ಲದಿರುವುದು ಈ ಕೋಣೆ ಮತ್ತು ಬಚ್ಚಲು ಮಾತ್ರ. ಬಚ್ಚಲಿನಲ್ಲಿ ಹೆಚ್ಚು ಹೊತ್ತು ಕೂತರೆ ಹೊಟ್ಟೆ ಕೆಟ್ಟಿದೆಯಾ ಅಂತ ನನ್ನ ಮಗ ಕೇಳುತ್ತಾನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನ ಮಾವ ಹೋಗಿಬಿಟ್ಟರು. ಕಳೆದ ತಿಂಗಳ ಕೊನೆಯಲ್ಲಿ. ನಿನಗೆ ತಿಳಿಸಬೇಕು ಅಂದೆ, ನನ್ನ ಮಗ ಬೇಡ ಅಂದ. ಎಲ್ಲಿಗೆ ತಿಳಿಸುತ್ತೀ ಎಂದು ಕೇಳಿದ, ಕೇಳಿ ನನ್ನ ಮುಖವನ್ನೇ ನೋಡಿದ. ಚಿಕ್ಕಮ್ಮನ ನಂಬರನ್ನು ನನ್ನ ಫೋನಿನಿಂದ ಅಳಿಸಿಹಾಕಿದ್ದಾನೆ. ನಾನು ಮಾಡಿದ ಕರೆಗಳೆಲ್ಲ ಅವನ ಪರದೆಯ ಮೇಲೆ ಕಾಣುತ್ತವಂತೆ. ನಿನ್ನ ಮೇಲೆ ಮಾವನಿಗಿದ್ದ ಅಕ್ಕರೆ ನಿನಗೆ ಗೊತ್ತೇ ಇದೆ. ಎಲ್ಲರ ಹೆಸರು ಮರೆತ ಮೇಲೂ ನೀನು ಚಹಾ ತಂದರೆ ‘ಬಂದ್ಲು ನೋಡು ನಮ್ಮ ಯಜಮಾನಿ’ ಅನ್ನುತ್ತಿದ್ದರಲ್ಲ. ಹೇಗೆ ಹೋದರು ಎಂಬುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು.

ನೀನು ಮಗುವನ್ನು ಕರೆದುಕೊಂಡು ಹೋದ ಮೇಲೆ ನನ್ನ ಮಗ ಕೆಲವು ದಿನ ಊಟ ಬಿಟ್ಟ, ಮಾತು ಬಿಟ್ಟ. ಆಮೇಲೆ ಮನೆಯ ಹಿಂದೆ ಬಿದ್ದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂತಾರಲ್ಲ, ಹಾಗೆ. ಮಹಡಿಯ ಮೇಲೆ ಅವನ ಕೆಲಸದ ಕೋಣೆಯಲ್ಲಿದ್ದ ಹಳೆಯ ವೈಫೈ ಪೆಟ್ಟಿಗೆಯ ಅಲೆ ಕೆಳಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಅಡುಗೆಮನೆಯ ಕ್ಯಾಮೆರಾ ಆಗಾಗ ಕುರುಡಾಗುತ್ತಿತ್ತು, ಈ ಕೋಣೆಯಲ್ಲಂತೂ ಏನೂ ಸಿಗುತ್ತಿರಲಿಲ್ಲ. ಆ ಸಂದಿನಲ್ಲೇ ನೀನು ಉಸಿರಾಡುತ್ತಿದ್ದೆ ಎಂದು ಅವನಿಗೆ ತಡವಾಗಿ ಹೊಳೆದಿರಬೇಕು. ‘ಇನ್ಮೇಲೆ ಈ ಮನೇಲಿ ಒಂದು ಮೂಲೇನೂ ಬಿಟ್ಟುಹೋಗಲ್ಲ’ ಅಂದ. ಮೆಶ್ ಅಂತೆ ಅದರ ಹೆಸರು. ಸಾಬೂನು ಡಬ್ಬಿಯಷ್ಟು ಬಿಳಿ ಪೆಟ್ಟಿಗೆಗಳು ಮೂರು: ಒಂದು ಅವನ ಕೋಣೆಗೆ, ಒಂದು ಮೆಟ್ಟಿಲ ತಿರುವಿಗೆ, ಒಂದು ಕೆಳಗೆ ನಮ್ಮ ಮಲಗುವ ಕೋಣೆಗೆ.

ಹಾಕಲು ಬಂದವನು ದಪ್ಪ ಮೀಸೆಯ ಮನುಷ್ಯ, ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಗುನುಗುವವನು. ಅವನಿಗೆ ಚಹಾ ಕೊಟ್ಟೆ, ಅದಕ್ಕೆ ಪಾಠ ಹೇಳಿದ. ‘ಮೂರೂ ಒಂದಕ್ಕೊಂದು ಕೈ ಹಿಡ್ಕೊಂಡು ನಿಂತಿರ್ತವೆ ಅಮ್ಮ. ಮೇಲಿಂದ ಬಂದದ್ದನ್ನ ಮೆಟ್ಟಿಲಿನದು ಕೆಳಗೆ ದಾಟಿಸುತ್ತೆ. ನೀವು ಎಲ್ಲಿಗೆ ಹೋದ್ರೂ ನಿಮ್ಮ ಹಿಂದೇನೇ ಬರುತ್ತೆ’ ಅಂದ. ಹಿಂದೆ ಬರುವುದನ್ನು ಒಳ್ಳೆಯ ಸುದ್ದಿ ಎಂಬಂತೆ ಹೇಳಿದ, ಪಾಪ. ಮೊದಲು ಬಲ್ಬುಗಳು ಹಟ ಹಿಡಿದವು. ಹೊಸ ಜಾಲಕ್ಕೆ ಹೊಸ ಹೆಸರಿಟ್ಟರೆ ಒಂದೂ ತಿರುಗಿ ನೋಡಲಿಲ್ಲ. ಆಮೇಲೆ ಅವನು ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಹಾಕಿದ. ಹಾಕಿದ್ದೇ ತಡ, ಬಲ್ಬು, ಫ್ಯಾನು, ಕ್ಯಾಮೆರಾ, ಬಾಗಿಲಿನ ಬೀಗ ಎಲ್ಲವೂ ಕರೆದವರ ಮನೆಗೆ ಬಂದ ನೆಂಟರಂತೆ ಒಂದೊಂದಾಗಿ ಬಂದು ಸೇರಿಕೊಂಡವು. ನನ್ನ ಮಗ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಅವುಗಳನ್ನು ನೋಡುತ್ತಿದ್ದ. ನೀನು ಹೋದ ಮೇಲೆ ಅವನ ಮುಖದಲ್ಲಿ ನಗು ಕಂಡದ್ದು ಅಂದೇ.

ಬೀಗದ ಮಾತು ಹೇಳಬೇಕು. ಮಾವ ಬಾಗಿಲು ತೆರೆದುಕೊಂಡು ಬೀದಿಗೆ ಹೋಗುತ್ತಿದ್ದದ್ದು ನಿನಗೆ ಗೊತ್ತು. ಎರಡು ಸಲ ನೀನೇ ಹುಡುಕಿ ತಂದಿದ್ದೆ. ನೀನು ಹೋದ ಮೇಲೆ, ಅವರ ರಕ್ಷಣೆಗೆ ಎಂದು ನನ್ನ ಮಗ ಒಳಗಿನ ಹಿಡಿಯನ್ನು ತೆಗೆಸಿ, ಅವನ ಫೋನಿನಿಂದ ಮಾತ್ರ ಬಾಗಿಲು ತೆರೆಯುವಂತೆ ಮಾಡಿದ. ಕಬ್ಬಿಣದ ಕೀ ಒಂದಿತ್ತು, ಅದು ಅವನ ಚೀಲದಲ್ಲಿ. ಹಾಲಿನವನು ಬಂದರೂ ನಾನು ಕಚೇರಿಗೆ ಫೋನು ಮಾಡಬೇಕು, ಅವನು ಒತ್ತಬೇಕು, ಬಾಗಿಲು ಟಕ್ ಅನ್ನಬೇಕು. ಸುಳ್ಳು ಹೇಳುವುದಿಲ್ಲ, ಮೊದಮೊದಲು ನನಗೂ ನೆಮ್ಮದಿಯಾಗಿತ್ತು. ಮಾವ ಎಲ್ಲಿ ಎಂದು ಹೊತ್ತು ಹೊತ್ತಿಗೂ ಎದೆ ಹೊಡೆದುಕೊಳ್ಳುವುದು ನಿಂತಿತ್ತು.

ಮೆಟ್ಟಿಲ ತಿರುವಿನ ಪೆಟ್ಟಿಗೆಗೆ ಬಾಯಿಯೂ ಇತ್ತು. ಕಚೇರಿಯಿಂದಲೇ ನನ್ನ ಮಗ ಅದರಲ್ಲಿ ಮಾತಾಡುತ್ತಿದ್ದ. ‘ಅಪ್ಪಾ, ಬಾಗಿಲ ಹತ್ರ ಹೋಗ್ಬೇಡ. ಅಪ್ಪಾ, ಕೂತ್ಕೋ.’ ಮಾವ ದಿಗ್ಭ್ರಮೆಯಿಂದ ಸುತ್ತಲೂ ನೋಡುತ್ತಿದ್ದರು, ಮಗ ಎಲ್ಲಿ ಎಂದು. ಕೆಲವು ದಿನ ಕಳೆದ ಮೇಲೆ ಅವರಿಗೆ ಅರ್ಥವಾಯಿತು, ಅವರದೇ ರೀತಿಯಲ್ಲಿ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: ‘ಮಗ ಅದರೊಳಗೆ ಸಿಕ್ಕಾಕೊಂಡಿದ್ದಾನೆ ಕಣೇ. ಯಾರಿಗೂ ಗೊತ್ತಿಲ್ಲ.’ ನಾನು ನಕ್ಕೆ. ಅವರು ನಗಲಿಲ್ಲ. ಮರುದಿನದಿಂದ ಪೆಟ್ಟಿಗೆಯ ಕೆಳಗಿನ ಹಲಗೆಯ ಮೇಲೆ ಒಂದು ಲೋಟ ನೀರು ತಂದಿಡಲು ಶುರುಮಾಡಿದರು. ನಾನು ಎತ್ತಿದರೆ ಬೈಯುತ್ತಿದ್ದರು. ಹೆಂಡತಿ ಯಾರು ಎಂಬುದೇ ಮರೆತ ಮನುಷ್ಯನಿಗೆ ಮಗನ ಬಾಯಾರಿಕೆ ನೆನಪಿರುತ್ತಿತ್ತು.

ಆ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಕುಕ್ಕರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಇವರು ಅಟ್ಟದ ಪೆಟ್ಟಿಗೆಯಿಂದ ತಮ್ಮ ಹಳೆಯ ಸ್ಕ್ರೂಡ್ರೈವರ್ ತೆಗೆದಿದ್ದಾರೆ, ಸ್ಟೂಲು ಎಳೆದುಕೊಂಡು ತಿರುವಿನ ಮೇಲೆ ಹತ್ತಿದ್ದಾರೆ. ಜೀವಮಾನವಿಡೀ ರೇಡಿಯೋ ಬಿಚ್ಚಿ ಜೋಡಿಸಿದ ಕೈ ಅದು, ಮನಸ್ಸು ಮರೆತರೂ ಕೈ ಮರೆಯಲಿಲ್ಲ. ನಾನು ಬಂದು ನೋಡುವಾಗ ಬಿಳಿ ಮುಚ್ಚಳ ಕೆಳಗೆ ಬಿದ್ದಿತ್ತು, ಒಳಗಿನ ಹಸಿರು ಹಲಗೆ ತಂತಿಯಲ್ಲಿ ಜೋತಾಡುತ್ತಿತ್ತು. ‘ಇಲ್ಲಿಲ್ಲ ಕಣೇ, ಇಲ್ಲಿಲ್ಲ’ ಅನ್ನುತ್ತಾ ಗಾಬರಿಯಿಂದ ನನ್ನ ಕಡೆ ತಿರುಗಿದರು. ಸ್ಟೂಲು ಜಾರಿತು. ಮೆಟ್ಟಿಲಿನ ಅಂಚಿಗೆ ತಲೆಯ ಹಿಂಭಾಗ ಬಡಿಯಿತು. ಆ ಸದ್ದನ್ನು ಬರೆಯಲು ನನ್ನಿಂದಾಗದು.

ಆಂಬುಲೆನ್ಸಿಗೆ ಹೇಳಿದೆ, ಮಗನಿಗೆ ಹೇಳಿದೆ. ಬಾಗಿಲು ತೆಗೆಯೋ ಅಂದೆ. ಅವನು ಒತ್ತಿದ, ಬಾಗಿಲು ಟಕ್ ಅನ್ನಲಿಲ್ಲ. ‘ಬೀಗ ಆಫ್‌ಲೈನ್ ಅಂತ ತೋರಿಸ್ತಿದೆ ಅಮ್ಮ, ಏನು ಮಾಡಿದ್ರಿ, ಏನು ಮುಟ್ಟಿದ್ರಿ’ ಎಂದು ಕೂಗಾಡಿದ. ಮೆಟ್ಟಿಲಿನದು ಕೈ ಬಿಟ್ಟ ಮೇಲೆ ಕೆಳಗಿನ ಯಾವುದಕ್ಕೂ ದಿಕ್ಕಿರಲಿಲ್ಲ. ಕಿಟಕಿಗಳಿಗೆಲ್ಲ ಸರಳು. ಆಂಬುಲೆನ್ಸಿನವರು ಬಂದು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು, ನಾನು ಒಳಗಿನಿಂದ ಬಡಿಯುತ್ತಿದ್ದೆ. ನಡುವೆ ಒಂದು ಮರದ ಹಲಗೆ ಅಷ್ಟೇ. ಇವರ ತಲೆ ನನ್ನ ಸೆರಗಿನಲ್ಲಿತ್ತು ಎಂದು ಬರೆಯಲು ಹೊರಟೆ, ಅದು ಸುಳ್ಳು. ನಾನು ಬಾಗಿಲ ಬಳಿ ಇದ್ದೆ. ಅವರು ಒಬ್ಬರೇ ಮೆಟ್ಟಿಲ ಕೆಳಗೆ ಮಲಗಿದ್ದರು, ಮರೆತಿದ್ದ ಹೆಸರು ಹಿಡಿದೇ ಮಗನನ್ನು ಕರೆಯುತ್ತಿದ್ದರು. ಕೊನೆಗೆ ಎದುರು ಅಂಗಡಿಯ ಬಡಗಿ ಬಂದು ಉಳಿ ಹಾಕಿ ತಿರುಗಣಿಯನ್ನೇ ಕಿತ್ತು ಬಾಗಿಲನ್ನು ಬೀಳಿಸಿದ. ಅಷ್ಟರಲ್ಲಿ ಕರೆಯುವುದು ನಿಂತಿತ್ತು.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಕಣ್ಣು ತೆರೆಯಲಿಲ್ಲ. ಸ್ವಲ್ಪ ಮುಂಚೆ ತಂದಿದ್ದರೆ ಎಂದು ವೈದ್ಯೆ ಮಾತು ಶುರುಮಾಡಿದಳು, ನನ್ನ ಮುಖ ನೋಡಿ ನಿಲ್ಲಿಸಿದಳು. ನನ್ನ ಮಗ ಗೋಡೆಗೆ ಒರಗಿ ಅತ್ತ. ‘ದಾರಿ ಉದ್ದಕ್ಕೂ ಒತ್ತುತ್ತಲೇ ಇದ್ದೆ ಅಮ್ಮ, ದಾರಿ ಉದ್ದಕ್ಕೂ’ ಅಂದ. ಹೆತ್ತ ಕರುಳು, ಅವನ ತಲೆ ಸವರಿದೆ. ಅವನು ರಾಕ್ಷಸನಾಗಿದ್ದರೆ ಎಷ್ಟು ಸುಲಭವಿತ್ತು. ನಿನಗೂ ಇದು ಗೊತ್ತು, ಅದಕ್ಕೇ ಅಲ್ಲವೆ ನೀನು ಅಷ್ಟು ವರ್ಷ ತಡೆದುಕೊಂಡದ್ದು? ಕಿಟಕಿಯ ಬಳಿ ಯಾಕೆ ನಿಂತಿದ್ದೆ, ತರಕಾರಿಯವನ ಜೊತೆ ಯಾಕೆ ನಕ್ಕೆ ಎಂದು ಗೋಡೆಯ ಕ್ಯಾಮೆರಾದಿಂದ ಅವನ ದನಿ ಕೇಳುವಾಗ ನೀನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಆದರೂ ಸಂಜೆ ಅವನ ತಲೆನೋವಿಗೆ ನೀನೇ ಮುಲಾಮು ಹಚ್ಚುತ್ತಿದ್ದೆ.

ಮಣ್ಣು ಮಾಡಿ ಬಂದ ವಾರವೇ ಹೊಸ ಬಾಗಿಲು ಬಂತು, ಬೀಗವೂ ಬಂತು. ಒಳಗಿನ ಹಿಡಿ ಹಾಕಿಸೋ, ಈಗ ಅಪ್ಪ ಇಲ್ಲವಲ್ಲ, ಯಾರು ಓಡಿಹೋಗುತ್ತಾರೆ ಅಂದೆ. ಅವನು ‘ನೀನೂ ಹೋಗ್ತೀಯಾ?’ ಎಂದು ಕೇಳಿದ. ಹಿಡಿಯನ್ನೇನೋ ಹಾಕಿಸಿದ. ಆದರೆ ಹೊಸ ಪೆಟ್ಟಿಗೆ ಬಂದ ಮೇಲೆ ಬಾಗಿಲು ತೆರೆದಾಗಲೆಲ್ಲ ಅವನ ಫೋನಿಗೆ ಸುದ್ದಿ ಹೋಗುತ್ತದಂತೆ. ದರ್ಜಿಯಮ್ಮನ ಹತ್ತಿರ ಬಟ್ಟೆ ಕೊಡಲು ಹೋಗಿ ಬಂದರೂ ಅವನಿಗೆ ಲೆಕ್ಕ ಒಪ್ಪಿಸಬೇಕು. ನಡೆದದ್ದರಿಂದ ಅವನು ಕಲಿತದ್ದೇನು ಗೊತ್ತೆ? ನಿನ್ನೆ ಊಟಕ್ಕೆ ಕೂತಾಗ ಹೇಳಿದ, ‘ಆ ಪೆಟ್ಟಿಗೇನ ಇನ್ನೂ ಎತ್ತರದಲ್ಲಿ ಹಾಕಿಸಬೇಕಿತ್ತು.’

ಮೆಟ್ಟಿಲಿನದು ಇಲ್ಲದ ಈ ದಿನಗಳಲ್ಲಿ ಕೆಳಗಿನ ಮನೆ ಮನೆಯಂತಿದೆ. ಕೆಳಗಿನ ಕ್ಯಾಮೆರಾಗಳು ಕುರುಡಾಗಿವೆ, ಆದರೂ ಬರೆಯಲು ಅಭ್ಯಾಸಬಲದಿಂದ ಈ ಕೋಣೆಗೇ ಬಂದೆ. ಗುಂಡಿ ಒತ್ತಿ ದೀಪ ಹಾಕುತ್ತೇನೆ, ಗುಂಡಿ ಒತ್ತಿ ಆರಿಸುತ್ತೇನೆ. ಒಬ್ಬಳೇ ಇವರ ಜೊತೆ ಮಾತಾಡಿಕೊಳ್ಳುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಮೀಸೆಯವನು ಹೊಸದನ್ನು ಹಾಕಲು ಬರುತ್ತಾನಂತೆ. ಅಷ್ಟರೊಳಗೆ ನಿನಗೆ ಬರೆಯಬೇಕು ಅನ್ನಿಸಿತು. ನೀನು ಹೋದದ್ದಕ್ಕೆ ನನಗೆ ಬೇಸರವಿಲ್ಲ ಮಗಳೇ. ವಾಪಸು ಬಾ ಎಂದು ನಾನು ಕರೆಯುತ್ತಿಲ್ಲ, ಇನ್ನು ಯಾರ ಬಾಯಲ್ಲಿ ನನ್ನ ಹೆಸರು ಹೇಳಿ ಕರೆಸಿದರೂ ಬರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಚಟಪಟಳಿಗೆ ತಾತ ಹೋದ ವಿಷಯವನ್ನು ನಿನಗೆ ತೋಚಿದಂತೆ ಹೇಳು, ನೀರಿನ ಲೋಟದ ಕಥೆ ಮಾತ್ರ ಅವಳು ದೊಡ್ಡವಳಾದ ಮೇಲೆ ಹೇಳು. ಅವಳ ಕೆನ್ನೆಗೆ ಒಂದು ಮುತ್ತು, ನಿನ್ನ ಹಣೆಗೆ ಒಂದು. ನೂರು ಕಾಲ ಚೆನ್ನಾಗಿ ಬಾಳಿರಿ.

ಇಂತು ನಿನ್ನ,
ಅತ್ತೆ

ಮರೆತ ಮಾತಲ್ಲ, ಈಗ ತಿಳಿದದ್ದು. ಬುಧವಾರ ಬೆಳಿಗ್ಗೆ. ಕಾಗದ ಮಡಿಸಿ ಇಟ್ಟಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಮೀಸೆಯವನು ಬಂದು ಪೆಟ್ಟಿಗೆ ಹಾಕಿ, ಸೇರಿಕೊಂಡ ಸಾಮಾನುಗಳ ಹೆಸರು ಓದುತ್ತಿದ್ದ. ನಡುವೆ ನಿಲ್ಲಿಸಿ, ‘ಸಾರ್, ಇದೊಂದು ಬೇರೆ ಯಾವುದೋ ಮನೆ ಜಾಲದಲ್ಲಿದೆ. ಮಗುವಿನ ದೀಪ. ತೆಗೆದುಹಾಕ್ಲಾ?’ ಅಂದ. ಮೇಲಿನಿಂದ ನನ್ನ ಮಗ, ‘ಬೇಡ. ಅದನ್ನ ಮುಟ್ಬೇಡಿ’ ಅಂದ. ಚಟಪಟ ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗುತ್ತಾಳಲ್ಲ, ಹಾಡು ಹೇಳುವ ಮೋಡದ ದೀಪ, ಅದು. ನೀನು ಅದನ್ನು ಅಲ್ಲಿನ ವೈಫೈಗೆ ಸೇರಿಸಿದ್ದೀ. ಆದರೆ ಅದು ಇನ್ನೂ ಅವನ ಹೆಸರಿನಲ್ಲೇ ಇದೆ. ಮೀಸೆಯವನಿಗೆ ಚಹಾ ಕೊಡುವಾಗ ಮೆಲ್ಲಗೆ ಕೇಳಿದೆ. ಅದಕ್ಕೆ ಕಿವಿಯೂ ಇದೆಯಂತೆ, ಅಲ್ಲಿನ ಮಾತು ಇಲ್ಲಿಗೆ ಕೇಳುತ್ತದಂತೆ. ಅದು ಸೇರಿರುವ ಜಾಲದ ಹೆಸರೂ ಕಾಣುತ್ತದೆ, ಯಾವುದೋ ಬೇಕರಿಯದು, ಬೀದಿಯ ಹೆಸರು ಸಮೇತ. ಭಾನುವಾರ ನನ್ನ ಮಗ ಇದ್ದಕ್ಕಿದ್ದಂತೆ ‘ಮಗೂಗೆ ಕೆಮ್ಮು ಜಾಸ್ತಿಯಾಗಿದೆ’ ಅಂದಿದ್ದ. ಕನಸು ಕಂಡಿರಬೇಕು ಅಂದುಕೊಂಡೆ. ಶುಕ್ರವಾರದಿಂದ ಕಚೇರಿಗೆ ರಜೆ ಹಾಕಿದ್ದಾನೆ, ಚೀಲ ಕಟ್ಟಿಟ್ಟಿದ್ದಾನೆ. ಅಂಚೆಯನ್ನು ನಂಬುವುದಿಲ್ಲ. ದರ್ಜಿಯಮ್ಮನೇ ಈಗಿನ ಬಸ್ಸು ಹಿಡಿದು ಚಿಕ್ಕಮ್ಮನ ಕೈಗೆ ಕೊಟ್ಟುಬರುತ್ತಾಳೆ. ದೀಪವನ್ನು ಕಿತ್ತು ಎಸೆ, ಮಗು ಅತ್ತರೆ ಅಳಲಿ. ಇವತ್ತೇ ಆ ಮನೆ ಬಿಡು. ಎಲ್ಲಿಗೆ ಹೋಗುತ್ತೀ ಎಂದು ಆ ಕೋಣೆಯಲ್ಲಿ ಕೂತು ಮಾತಾಡಬೇಡ. ಈ ಕಾಗದವನ್ನು ಯಾರಿಗೂ ಗಟ್ಟಿಯಾಗಿ ಓದಿ ಹೇಳಬೇಡ.