ಕೆಂಪಿಯ ವಾಸನೆ

ಮಾರ್ಚ್ ೧೧, ಬೆಳಿಗ್ಗೆ

ನನ್ನ ಗುಬ್ಬಿಗೆ,

ಹೇಗಿದ್ದೀಯ ಎಂದು ಕೇಳುವುದಕ್ಕೂ ಬಾಯಿ ಬರುತ್ತಿಲ್ಲ. ‘ಯಾಕಮ್ಮ ಬರ್ತಿಲ್ಲ’ ಎಂದು ನೀನು ಬರೆದು ಹದಿನೇಳು ದಿನವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹಾಳೆ ಹರಿದೆ. ಬೈದುಕೋ, ತಪ್ಪು ನನ್ನದೇ. ಅಳಿಯಂದಿರೂ ಫೋನಿನಲ್ಲಿ ಹೆಚ್ಚು ಕಡಿಮೆ ಬೈದೇಬಿಟ್ಟರು: “ಅತ್ತೆ, ಅವಳು ನಿಮ್ಮನ್ನೇ ಕೇಳ್ತಾಳೆ. ಒಂದು ಗಂಟೆ ಪಕ್ಕದಲ್ಲಿ ಕೂತ್ರೆ ಸಾಕು.” ಕಾಲುನೋವು ಎಂದೆ. ಸುಳ್ಳು.

ಹೋದ ತಿಂಗಳು ಆಸ್ಪತ್ರೆಗೆ ಬಂದಿದ್ದೆನಲ್ಲ, ಅವತ್ತು ನರ್ಸ್ ನಿನಗೆ ಕೆಂಪು ಔಷಧಿಯ ಚೀಲ ತೂಗುಹಾಕಿದಳು. ಎರಡು ಜೊತೆ ಕೈಗವಸು ಹಾಕಿದ್ದಳು. “ದೂರ ನಿಲ್ಲಿ ಅಮ್ಮಾ, ಬಿದ್ರೆ ಚರ್ಮ ಸುಡುತ್ತೆ,” ಎಂದಳು. ಆ ಬಣ್ಣ ನೋಡಿದ್ದೇ ತಡ, ನನ್ನ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ನೀನು ಹುಟ್ಟುವ ಮುಂಚೆ ನಾನು ಕೆಲಸಕ್ಕಿದ್ದ ಲ್ಯಾಬಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೆವು. ಒಂದರ ಸುತ್ತ ಇಂಥದೇ ಕೆಂಪು ಇಳಿಯುತ್ತಿತ್ತು. ಹಸುವಿಗೆ ಇಟ್ಟ ಹಾಗೆ ಕೆಂಪಿ ಎಂದು ಹೆಸರಿಟ್ಟೆವು. ಹಿಡಿ ಮಣ್ಣಿನಲ್ಲಿ ಕೋಟಿ ಜೀವ, ಎಲ್ಲಕ್ಕೂ ಊಟ ಸಾಲದು. ನೆರೆಯವರನ್ನು ಓಡಿಸಲು ಕೆಂಪಿ ವಿಷ ಕಾರುತ್ತದೆ. ಅದು ಜೀವಕೋಶಕ್ಕೆ ನುಗ್ಗಿ ಡಿಎನ್‌ಎ ಎಳೆಯನ್ನೇ ತುಂಡು ಮಾಡುತ್ತದೆ. ತನಗೆ ಮಾತ್ರ ತಾಗದಂತೆ ಹೊರಗೆ ತಳ್ಳುವ ಜಾಣತನ ಅದಕ್ಕುಂಟು. ನಿನ್ನ ರಕ್ತದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಇಳಿಸುತ್ತಿರುವುದು ಕೆಂಪಿಯ ಬಳಗದ್ದೇ ವಿಷ.

ಕೆಂಪಿ ಹದವಾಗಿ ಬೆಳೆದಿದೆಯೇ ಎಂದು ತಿಳಿಯಲು ಲ್ಯಾಬಿನ ನಮ್ಮ ಮೇಷ್ಟ್ರು ಒಂದು ಅಭ್ಯಾಸ ಕಲಿಸಿದ್ದರು: ಗಾಜಿನ ತಟ್ಟೆಯ ಮುಚ್ಚಳ ತೆಗೆದು ಮೂಸುವುದು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಹದ. “ಯಂತ್ರ ಸುಳ್ಳು ಹೇಳುತ್ತೆ, ನಿನ್ನ ಮೂಗು ಹೇಳಲ್ಲ ಕಣಮ್ಮ,” ಎನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಕೈಗವಸು ಹಾಕಿದರೆ ಬೆರಳು ಮಾತು ಕೇಳದೆಂದು ಅದನ್ನೂ ಬಿಟ್ಟೆ. ಉಗುರಿನ ಸಂದಿಯ ಕೆಂಪು ವಾರಗಟ್ಟಲೆ ಹೋಗುತ್ತಿರಲಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ನಿನ್ನ ಡಾಕ್ಟರ್ ನಿನ್ನೆದುರೇ ಕೇಳಿದರು: “ಇವರು ಹೊಟ್ಟೇಲಿದ್ದಾಗ ನೀವು ಲ್ಯಾಬಲ್ಲಿ ಇಂಥದ್ದೇನಾದ್ರೂ ಮುಟ್ತಿದ್ರಾ?” “ಇಲ್ಲಪ್ಪ, ಗಾಜು ತೊಳೆಯೋ ಕೋಣೆಗೆ ಹಾಕಿದ್ರು,” ಎಂದೆ. ಅವರು ಬರೆದುಕೊಂಡರು.

ಬಾಯಿಗೆ ಸೇರದಿದ್ದರೂ ಎರಡು ತುತ್ತು ತಿನ್ನು. ಕೂದಲು ಹೋದರೆ ಹೋಗಲಿ ಬಿಡು, ಹುಟ್ಟಿದಾಗಲೂ ನಿನ್ನ ತಲೆ ಬೋಳಾಗಿಯೇ ಇತ್ತು, ಮುದ್ದಾಗಿಯೇ ಇದ್ದೆ. ನನ್ನ ಆಯಸ್ಸೂ ಸೇರಿಸಿಕೊಂಡು ಬಾಳು ಮಗಳೇ.

ನಿನ್ನ ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಬಸುರಿಯರನ್ನು ಗಾಜು ತೊಳೆಯಲು ಹಾಕುವ ನಿಯಮವೇನೋ ಇತ್ತು. ಕೆಂಪಿ ಬೇರೆಯವರ ಕೈಸೇರುತ್ತದೆಂದು ಆರು ತಿಂಗಳವರೆಗೆ ನಾನು ಬಸುರಿ ಎಂದು ಅಲ್ಲಿ ಯಾರಿಗೂ ಹೇಳಲೇ ಇಲ್ಲ. ಅಗಲದ ಬಿಳಿ ಕೋಟಿನೊಳಗೆ ನಿನ್ನನ್ನು ಬಚ್ಚಿಟ್ಟುಕೊಂಡು ಕೆಂಪಿಯನ್ನು ದಿನಾ ಮೂಸಿದೆ. ನಿನ್ನ ಕಾಯಿಲೆ ಅದರಿಂದಲೇ ಆಯಿತೆಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಈ ಹಾಳೆ ಡಾಕ್ಟರಿಗೆ ತೋರಿಸು. ಓದಿದ ಮೇಲೂ ನಾನು ಬೇಕೆನಿಸಿದರೆ ಹೇಳಿಕಳಿಸು. ಕಾಲು ನೋಯುತ್ತಿಲ್ಲ.