ತೆಗೆದು ಹಾಕಿದ ನಾನೂರು ವರ್ಷ

ನವೆಂಬರ್ ೧೩, ಗುರುವಾರ. ಬಾಗೇವಾಡಿ.

ಮಾರ್ಥವ್ವನ ಫೋನು ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಬೈಬಲ್ ಅಧ್ಯಯನದ ಸಾಫ್ಟ್‌ವೇರಿನಲ್ಲಿದ್ದ, ಘಟನೆಗಳನ್ನು ವರ್ಷದ ಪ್ರಕಾರ ಸಾಲಾಗಿ ತೋರಿಸುವ ಕಾಲರೇಖೆಯನ್ನು ನಮಗೆ ಬೇಕಾದ ಹಾಗೆ ತಿದ್ದಿ, ಬೆಳಿಗ್ಗೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ನಮ್ಮ ಚರ್ಚಿನ ಸಭೆಯವರಿಗೆಲ್ಲ ಹಂಚಿದ್ದೆ. ಹಳೆ ಒಡಂಬಡಿಕೆಯ ಕೊನೆಯ ಪ್ರವಾದಿ ಮಲಾಕಿಯನ ನಂತರ ಯೇಸು ಹುಟ್ಟುವವರೆಗೆ ನಾನೂರು ವರ್ಷ ದೇವರ ಮಾತಿಲ್ಲ. ಮೊಬೈಲಿನಲ್ಲಿ ಎಷ್ಟು ಸರಿಸಿದರೂ ಬರೀ ಖಾಲಿ ಜಾಗ. ಅದನ್ನು ತೆಗೆದು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದೆ. ನೋಡಲು ಚೆಂದವಾಗಿತ್ತು.

ಸಂಜೆ ಸಿಂದಗಿಯಿಂದ ಮಾರ್ಥವ್ವ ಕೇಳಿದರು: “ಪಾಸ್ಟರ್ ಸರ, ದೇವರು ಸುಮ್ಮನಿದ್ದ ವರ್ಷ ಎಲ್ಲಿ ಹೋದುವ್ರಿ?”

“ಅದರಾಗ ಏನೂ ನಡದಿಲ್ಲ ಬಿಡ್ರಿ ಅಕ್ಕಾರ. ಅದಕ್ಕ ತಗದೇನಿ.”

“ಮಂದಿ ಇದ್ರಲ್ರಿ. ದಿನಾ ಪ್ರಾರ್ಥನಾ ಮಾಡಿರ್ತಾರ.”

ಅಷ್ಟೇ ಹೇಳಿ ಇಟ್ಟುಬಿಟ್ಟರು. ಗೋವಾಕ್ಕೆ ದುಡಿಯಲು ಹೋದ ಅವರ ಗಂಡನ ಸುದ್ದಿಯಿಲ್ಲದೆ ಹನ್ನೊಂದು ವರ್ಷವಾಯಿತು. ಅದು ಗೊತ್ತಿದ್ದೂ ನಾನು ಏನೂ ನಡೆದಿಲ್ಲ ಅಂದೆ.

ಈಗ ಆ ನಾನೂರು ವರ್ಷವನ್ನು ಮತ್ತೆ ಸೇರಿಸಿದ್ದೇನೆ. ಕಳಿಸುವ ಮುನ್ನ ಮೊದಲಿನಿಂದ ಒಮ್ಮೆ ಸರಿಸುತ್ತ ಹೋದೆ. ಆ ಖಾಲಿ ಜಾಗದ ಅರ್ಧಕ್ಕೇ ಸಾಕಾಗಿಹೋಯಿತು, ಮೊಬೈಲು ಕೆಳಗಿಟ್ಟೆ.

ಪ್ರತಿ ಭಾನುವಾರ ಮಾರ್ಥವ್ವನಿಗೆ “ಇನ್ನೂ ಸ್ವಲ್ಪ ಕಾಯಿರಿ” ಎನ್ನುವವನು ನಾನೇ.