ಹಾರುವ ಬಟ್ಟೆಯ ಬಣ್ಣ

ರೆಸ್ಪೆಕ್ಟೆಡ್ ಅಧ್ಯಕ್ಷರೇ,

ನಾನು ನಿಮ್ಮ ಸೂಪರ್‌ಹೀರೋ ಸಿನಿಮಾ ಅಭಿಮಾನಿ ಸಂಘದವನಲ್ಲ, ನೀವು ಸಿನಿಮಾ ನೋಡುವ ಟಾಕೀಸಿನ ಪ್ರೊಜೆಕ್ಟರ್ ಆಪರೇಟರ್. ಕಾಲೇಜಿನಲ್ಲಿ ಕಲಿತ ‘ಐ ಬೆಗ್ ಟು ಸ್ಟೇಟ್’ ಆದ ಮೇಲೆ ಮುಂದಿನದು ನೆನಪಾಗದೆ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ಮೊನ್ನೆ ಆಟ ಬಿಟ್ಟಾಗ ಮೆಟ್ಟಿಲ ಮೇಲೆ ನಿಮ್ಮವರ ಜಗಳ ಕೇಳಿದೆ. “ನಿನ್ನ ಸೂಪರ್‌ಹೀರೋ ಇದ್ದಿಲ ಗೋಣಿಯಿಂದ ಎದ್ದು ಬಂದಂಗಿದಾನಲ್ಲೋ!” ಎಂದರೊಬ್ಬರು. “ಅದು ಸ್ಟೈಲ್ ಕಣೋ, ನಿಂಗರ್ಥ ಆಗಲ್ಲ” ಎಂದಿರಿ ನೀವು. ಇಂಥ ಸಿನಿಮಾಗಳ ಕಾಲ ಮುಗಿಯಿತು, ಸಂಘವನ್ನೇ ಮುಚ್ಚೋಣ ಎನ್ನುವವರೆಗೂ ಮಾತು ಹೋಯಿತು.

ಮುಚ್ಚಬೇಡಿ. ಆ ಕತ್ತಲೆ ಸಿನಿಮಾದ್ದಲ್ಲ, ನನ್ನದು. ಲ್ಯಾಂಪ್ ಬೇಗ ಸುಟ್ಟುಹೋಗಬಾರದೆಂದು ಮಾಲೀಕರು ಹೇಳಿದ್ದರಿಂದ ಎರಡು ವರ್ಷದಿಂದ ಅರ್ಧ ಬೆಳಕಿನಲ್ಲೇ ಓಡಿಸುತ್ತಿದ್ದೇನೆ.

ನನ್ನ ಮನೆಯವಳಿಗೂ ಇದೇ ಸಿನಿಮಾಗಳ ಹುಚ್ಚು. ಪ್ರತಿ ಶುಕ್ರವಾರ ಕಂಬದ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. “ಏನ್ರೀ, ಅವನ ಬೆನ್ನ ಹಿಂದೆ ಹಾರೋ ಬಟ್ಟೆ ಯಾಕೆ ಕಪ್ಪಾಯ್ತು?” ಎಂದು ಕೇಳಿದಾಗ “ಈಗಿನ ಸ್ಟೈಲೇ ಹಂಗೆ ಕಣೇ” ಎಂದುಬಿಟ್ಟೆ. ನಂಬಿಕೆ ಬರದೆ, ತನ್ನ ಕಣ್ಣೇ ಮಂಜಾಗಿರಬೇಕೆಂದು ಕನ್ನಡಕ ಬದಲಾಯಿಸಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ತೀರಿಹೋಗಿ ಐದು ತಿಂಗಳಾಯಿತು. ಕನ್ನಡಕ ಟೀವಿಯ ಮೇಲಿದೆ.

ಭಾನುವಾರ ಬೆಳಗಿನ ಆಟಕ್ಕೆ ಎಲ್ಲರನ್ನೂ ಕರೆತನ್ನಿ. ಲ್ಯಾಂಪ್ ಪೂರ್ತಿ ಉರಿಸುತ್ತೇನೆ. ಮಾಲೀಕರಿಗೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಆಮೇಲೆ ಬೇಕಾದಷ್ಟು ಜಗಳವಾಡಿ. ಕಂಬದ ಪಕ್ಕದ ಸೀಟಿನಲ್ಲಿ ಮಾತ್ರ ಯಾರೂ ಕೂರದಂತೆ ನೋಡಿಕೊಳ್ಳಿ.

ಆ ಬಟ್ಟೆ ಕಪ್ಪಲ್ಲ, ಕೆಂಪು.

ಇತಿ, ಯುವರ್ಸ್ ಒಬೀಡಿಯಂಟ್‌ಲಿ,
ಆಪರೇಟರ್